ಓಜ್ಬೆಯ ಎಡಭುಜ

ನನ್ನ ಗಂಡ ಓಜ್ಬೆ ಬಲಗೈಯಲ್ಲಿ ಉಣ್ಣುತ್ತಾನೆ, ಬಲಗೈಯಲ್ಲಿ ಸಹಿ ಹಾಕುತ್ತಾನೆ, ಬಲಗೈಯಲ್ಲೇ ಕೊಡಲಿ ಬೀಸುತ್ತಾನೆ. ಇಪ್ಪತ್ತೆರಡು ವರ್ಷ ಬಲಭುಜಕ್ಕೇ ಬಂದೂಕು ಒರಗಿಸಿ ಗುರಿ ತಪ್ಪಿದ್ದಾನೆ. ಗರಗಸದ ಮಿಲ್ಲಿನಲ್ಲಿ ಹಲಗೆಯ ದಪ್ಪವನ್ನು ಕಣ್ಣಳತೆಯಲ್ಲೇ ಹೇಳುವ ಮನುಷ್ಯ, ಜಿಂಕೆಯ ಮುಂದೆ ಮಾತ್ರ ಶುದ್ಧ ಪೆದ್ದ. ಲುಚೆ ಎಂಬ ನಮ್ಮ ಊರಿನ ಬೇಟೆ ಕೂಟದವರಿಗೆ ಅವನನ್ನು ಕಂಡರೆ ತಮಾಷೆ.

"ಓಜ್ಬೆ ಬಂದ್ರೆ ಜಿಂಕೆಗಳು ಎದ್ದೂ ನಿಲ್ಲಲ್ಲ ಕಣ್ರೋ, ಮಲಗಿದ ಕಡೆಯಿಂದ್ಲೇ ಕೈ ಬೀಸ್ತವೆ!" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಅಕ್ಟೋಬರಿನಲ್ಲಿ ಆ ನಗು ನಿಂತಿತು. ಓಜ್ಬೆಯ ಗುಂಡು ಒಂದು ಹೆಣ್ಣು ಜಿಂಕೆಯ ಎದೆಗೆ ತಾಗಬೇಕಾದದ್ದು ಹಿಂಗಾಲಿಗೆ ತಾಗಿತು. ಜಿಂಕೆ ಓಡಿಹೋಯಿತು. ಎರಡು ದಿನ ಹುಡುಕಿದ ಮೇಲೆ, ಕೂಟದ ಯಜಮಾನ ಫ್ಲೋರ್ಯಾನನ ನಾಯಿ ಅದನ್ನು ಕಪ್ಪು ಹಳ್ಳದಲ್ಲಿ ಪತ್ತೆಮಾಡಿತು. ಅದು ಸತ್ತು ಬಹಳ ಹೊತ್ತಾಗಿರಲಿಲ್ಲವಂತೆ. ನಮ್ಮಲ್ಲಿ ಬಿದ್ದ ಪ್ರಾಣಿಯ ಬಾಯಿಗೆ ಸ್ಪ್ರೂಸ್ ಮರದ ಒಂದು ಚಿಗುರು ಇಡುತ್ತಾರೆ, ಕೊನೆಯ ತುತ್ತು ಅಂತ. ಹೊಡೆದವನೇ ಇಡಬೇಕು. ಓಜ್ಬೆ ಇಡಲಿಲ್ಲ. "ಎರಡು ದಿನ ನರಳಿಸಿದ ಕೈಯಿಂದ ಅದಕ್ಕೆ ಉಣಿಸ್ಲಾ?" ಎಂದನಂತೆ. ಜಿಂಕೆಯನ್ನು ಹೆಗಲ ಮೇಲೆ ಹೊತ್ತು ಇಳಿದು ಬಂದ. ಕೋಟಿನ ತುಂಬ ರಕ್ತ.

"ಸುಟ್ಟು ಹಾಕು ಜೆರಾ" ಎಂದು ಕೋಟನ್ನು ನನ್ನ ಕಾಲ ಬಳಿ ಎಸೆದು ಮಲಗಿಬಿಟ್ಟ.

ಆಮೇಲೆ ಕೂಟದ ಸಭೆ ಸೇರಿತು. ಫ್ಲೋರ್ಯಾನ್ ಮುಖ ಸಣ್ಣದು ಮಾಡಿಕೊಂಡೇ ತೀರ್ಪು ಹೇಳಿದ. ಮುಂದಿನ ವರ್ಷ ನವೆಂಬರಿನಲ್ಲಿ, ಬೇಟೆಗಾರರ ಸಂತ ಹುಬರ್ಟನ ಹಬ್ಬದ ದಿನ ಐದು ಗುಂಡು, ಐವತ್ತರಲ್ಲಿ ನಲವತ್ತು ಅಂಕ. ಬರದಿದ್ದರೆ ಓಜ್ಬೆ ಕೂಟ ಬಿಡಬೇಕು.

"ನಲವತ್ತು ಬರ್ದಿದ್ರೆ ನೀವು ಕೇಳೋದೇ ಬೇಡ" ಎಂದ ಓಜ್ಬೆ. "ಟೋಪಿ, ಬಂದೂಕು ಎಲ್ಲಾ ನಾನೇ ತಂದಿಡ್ತೀನಿ. ಇನ್ನೊಂದು ಪ್ರಾಣಿನ ಹಂಗೆ ಸಾಯ್ಸಲ್ಲ."

ಇತ್ತ ಕೋಟಿನ ಕಥೆ. ಒಳ್ಳೆಯ ದಪ್ಪ ಉಣ್ಣೆಯ ಕೋಟು ಸುಡುವುದೆಂದರೇನು, ನಮಗೇನು ಹುಚ್ಚೇ? ನಮ್ಮ ಕಡೆ ಕೋಟಿನ ಹೊರಮೈ ಹಾಳಾದರೆ ಹೊಲಿಗೆ ಬಿಚ್ಚಿ, ಒಳಮೈ ಹೊರಗೆ ತಿರುವಿ ಮತ್ತೆ ಹೊಲಿಯುತ್ತೇವೆ. ನಾನೂ ಹಾಗೇ ಮಾಡಿದೆ. ಹಳೆಯ ಕಾಜ ಮುಚ್ಚಿ ಹೊಸ ಕಾಜ ಹೊಲಿದೆ, ಗುಂಡಿಗಳನ್ನು ಇನ್ನೊಂದು ಬದಿಗೆ ಹಾಕಿದೆ. "ತೊಳೆದೆ, ಕಲೆ ಹೋಯ್ತು" ಎಂದೆ. ಅವನು ನಂಬಿದ. ಹೆಂಡತಿ ಹೊಸ ಪರದೆ ಹಾಕಿದರೆ ಮೂರು ತಿಂಗಳ ಮೇಲೆ ನೋಡುವ ಪ್ರಾಣಿ ಅದು.

ಜೂನ್‌ನಲ್ಲಿ ಒಂದು ಚಳಿಮಳೆಯ ದಿನ ಇಬ್ಬರೂ ಲೆನಾರ್ತಜ್ಜನ ಹತ್ತಿರ ಹೋದೆವು. ಬಂದೂಕಿನಲ್ಲಿ ಭುಜಕ್ಕೆ ಒರಗುವ ಭಾಗವನ್ನು ನಾವು ಮರ ಅಂತಲೇ ಕರೆಯುವುದು. ಅಜ್ಜ ಅರವತ್ತು ವರ್ಷದಿಂದ ಅಕ್ರೋಟಿನ ಕಟ್ಟಿಗೆಯಲ್ಲಿ ಆ ಮರ ಕೆತ್ತುವವನು. ಈಗ ಕಣ್ಣು ಮಂಜು, ಎಲ್ಲವೂ ಬೆರಳ ತುದಿಯಲ್ಲಿ. ಓಜ್ಬೆ ತನ್ನ ಗೋಳು ಹೇಳಲು ಬಾಯಿ ತೆರೆದದ್ದೇ ತಡ, ಅಜ್ಜ ಕೈ ಅಡ್ಡ ಹಿಡಿದ.

"ಬೇಟೆಗಾರ ಬಾಯಿ ಬಿಟ್ರೆ ಸುಳ್ಳೇ ಬರೋದು. ಕೋಟು ಬಿಚ್ಚಿ ಕೊಡು."

ಅದೇ ಅವನ ಪದ್ಧತಿ. ಬಂದೂಕು ಎಲ್ಲಿ ಉಜ್ಜಿ ಬಟ್ಟೆ ಸವೆದು ತೆಳುವಾಗಿದೆ ಎಂದು ತಡವಿ, ಅದರಿಂದಲೇ ಅಳತೆ ಹಿಡಿಯುತ್ತಾನೆ. ಎರಡೂ ಭುಜ ತಡವಿದ, ಮತ್ತೆ ತಡವಿದ.

"ನೀನು ಎಡಗೈಯವನು."

"ಇಲ್ಲಜ್ಜ, ನಾನು ಬಲಕ್ಕೇ ಒರಗಿಸೋದು."

"ಅಂದ್ಕೊಂಡಿದೀಯ! ಜಿಂಕೆ ಎದುರಿಗೆ ಬಂದಾಗ ಗಾಬರೀಲಿ ಬಂದೂಕು ಎಡಕ್ಕೆ ಹೋಗುತ್ತೆ. ಬಲಗೈಯವನಿಗೆ ಮಾಡಿದ ಮರ ಎಡಕ್ಕೆ ಹಿಡಿದ್ರೆ ಗುಂಡು ನೆಟ್ಟಗೆ ಹೋಗುತ್ತೇನಯ್ಯಾ?"

ಓಜ್ಬೆ ನನ್ನ ಕಡೆ ತಿರುಗಿದ. "ನಾನು ಯಾವ ಭುಜಕ್ಕೆ ಒರಗಿಸ್ತೀನಿ ಜೆರಾ?"

"ಬಲಕ್ಕೆ ಕಣೋ."

"ನೀನು ನೋಡಿದೀಯಾ?"

"ನಿನ್ನ ಹಿಂದೆ ಕಾಡಿಗೆ ನಾನ್ಯಾವತ್ತು ಬಂದಿದ್ದೆ?"

"ಮತ್ತೆ ನಿಂಗೆ ಹೆಂಗೆ ಗೊತ್ತು!" ಎಂದ. ನನಗೂ ತಲೆ ತಿರುಗಿತು. ಅಜ್ಜ ಅಷ್ಟರಲ್ಲಿ ಎಡಗೈ ಮರಕ್ಕೆ ಅಳತೆ ಗೀರಿಕೊಂಡಾಗಿತ್ತು.

ಮನೆಗೆ ಬರುತ್ತ ಸೇತುವೆ ದಾಟುವಾಗ ನನಗೆ ಹೊಳೆಯಿತು. ಅಯ್ಯೋ ದೇವರೇ, ಆ ಕೋಟು ತಿರುವಿ ಹೊಲಿದದ್ದು! ತಿರುವಿದರೆ ಬಲಭುಜ ಎಡಕ್ಕೆ ಬರುತ್ತದೆ. ಅಜ್ಜನ ಬೆರಳಿಗೆ ಸಿಕ್ಕಿದ್ದು ಬಲಭುಜದ ಸವೆತವೇ. ಹೇಳಲೆಂದು ತಿರುಗಿದರೆ ಓಜ್ಬೆ ಶಿಳ್ಳೆ ಹಾಕುತ್ತಿದ್ದ, ಅಕ್ಟೋಬರಿನಿಂದೀಚೆಗೆ ಮೊದಲ ಸಲ.

"ಇಪ್ಪತ್ತೆರಡು ವರ್ಷ ಜೆರಾ! ತಪ್ಪು ನಂದಲ್ಲ, ಮರದ್ದು!"

ನಾನು ಬಾಯಿ ಮುಚ್ಚಿಕೊಂಡೆ.

ಆಮೇಲೆ ಶುರುವಾಯಿತು ನೋಡಿ ಗೊಂದಲ. ಮರ ಎಡಗೈಯವನದ್ದಾದರೆ ಸಾಲದು, ಗುಂಡು ತುಂಬುವ ಬೋಲ್ಟು ಕೂಡ ಎಡಗಡೆಗೇ ಇರಬೇಕಂತೆ. ಇಲ್ಲದಿದ್ದರೆ ಪ್ರತಿ ಗುಂಡಿಗೂ ಕೈ ಮೇಲಿನಿಂದ ಚಾಚಿ ಒದ್ದಾಡಬೇಕು. ಚೆಲ್ಯೆ ಪಟ್ಟಣದ ಬಂದೂಕಿನ ಅಂಗಡಿಯವನು "ಎಡಗೈಯವ್ರು ನಮ್ ಕಡೆ ಹುಟ್ಟೋದೇ ಇಲ್ಲಮ್ಮ" ಎಂದ. ಗಡಿಯಾಚೆ ಆಸ್ಟ್ರಿಯಾದವನು ಆರ್ಡರ್ ಕೊಟ್ಟು ಒಂದು ವರ್ಷ ಕಾಯಿರಿ ಎಂದ. ಇನ್ನೊಬ್ಬ ಎಡಕ್ಕೂ ಬಲಕ್ಕೂ ಆಗುವ ಮರ ತೋರಿಸಿದ. ಅದನ್ನು ಕೇಳಿದ ಲೆನಾರ್ತಜ್ಜ "ಎರಡು ಕಾಲಿಗೂ ಆಗೋ ಚಪ್ಪಲಿ ಹಾಕ್ಕೊಂಡು ನಡೀ ನೋಡೋಣ" ಎಂದು ಉಗಿದ. ಮತ್ತೊಂದು ಕಡೆ ಸಿಕ್ಕಿದ್ದನ್ನು ನೋಡಿ ನಾನೇ ಜಗಳ ತೆಗೆದೆ. ಎಡಗೈಯವನ ಬಂದೂಕು ಅನ್ನುತ್ತೀರಿ, ಕೆನ್ನೆ ಇಡುವ ಉಬ್ಬು ಬಲಗಡೆಗಿದೆಯಲ್ಲ! ಎಡಗೆನ್ನೆ ತಾಗುವುದು ಮರದ ಬಲಬದಿಗೇ ಎಂದು ಆ ಮನುಷ್ಯ ಮೂರು ಸಲ ಹಿಡಿದು ತೋರಿಸಿದ ಮೇಲೆ ತಲೆಗೆ ಹೋಯಿತು. ಆದರೆ ಅದರ ಬೋಲ್ಟು ಬಲಗಡೆಯದು! ಮನೆಗೆ ಬಂದರೆ ಚಮಚ ಯಾವ ಕೈಯಲ್ಲಿ ಹಿಡಿಯುತ್ತೇನೆ ಎಂಬುದೇ ಮರೆತಂತಾಗುತ್ತಿತ್ತು.

ಕೊನೆಗೆ ಸೆಪ್ಟೆಂಬರಿನಲ್ಲಿ ಮೊಜಿರ್ಯೆ ಊರಿನ ಔಷಧಿ ಅಂಗಡಿಯವನ ವಿಧವೆಯ ಹತ್ತಿರ ಒಂದು ಸಿಕ್ಕಿತು. ಆಕೆಯ ಗಂಡ ನಿಜವಾದ ಎಡಗೈಯವನು. "ಒಳ್ಳೆ ಕೈಗೆ ಹೋಗ್ಲಿ" ಎಂದು ಆಕೆ ಕಣ್ಣೊರೆಸಿಕೊಂಡಳು. ಯಾವ ಕೈ ಒಳ್ಳೆಯದೋ ನನಗೆಲ್ಲಿ ಗೊತ್ತಿತ್ತು?

ಪರವಾನಗಿಯ ಕಾಗದಪತ್ರ ಮುಗಿಯುವ ಹೊತ್ತಿಗೆ ಅಕ್ಟೋಬರ್ ಕಳೆಯಿತು. ಅಜ್ಜ ಅದಕ್ಕೆ ತಾನು ಕೆತ್ತಿದ ಮರ ಕೂಡಿಸಿ ಕೊಟ್ಟದ್ದು ಹಬ್ಬದ ಹಿಂದಿನ ದಿನ. ಅಲ್ಲಿಯವರೆಗೆ ಓಜ್ಬೆ ಅಡುಗೆಮನೆಯಲ್ಲಿ ಪೊರಕೆಯನ್ನು ಎಡಭುಜಕ್ಕಿಟ್ಟು ಅಭ್ಯಾಸ ಮಾಡಿ ಒಂದು ದೀಪ ಒಡೆದಿದ್ದ, ಅಷ್ಟೇ. ಅವನೋ ಖುಷಿಯಲ್ಲಿದ್ದ. ಹೇಳಿದರೆ ಅವನ ಮುಖ ಬಾಡುತ್ತದೆ. ಹೇಳದಿದ್ದರೆ ಊರೆದುರು ಸೋಲುತ್ತಾನೆ. ಅಕಸ್ಮಾತ್ ಗೆದ್ದನೆಂದರೆ ಇನ್ನೂ ಕೆಟ್ಟದ್ದು, ತಪ್ಪು ಭುಜದಿಂದ ಇನ್ನೊಂದು ಜಿಂಕೆಗೆ ಹೊಡೆಯುತ್ತಾನೆ.

ಹುಬರ್ಟ್ ಹಬ್ಬದ ಬೆಳಿಗ್ಗೆ ಗುರಿ ಹೊಡೆಯುವ ಬಯಲಲ್ಲಿ ಕೂಟವೆಲ್ಲ ಸಾಲಾಗಿ ನಿಂತಿತ್ತು. ಓಜ್ಬೆ ಬಂದೂಕು ಎತ್ತಿಕೊಳ್ಳುವಾಗ ನನಗೆ ತಡೆಯಲಾಗಲಿಲ್ಲ.

"ನಿಲ್ಲೋ! ಕೋಟು ನಾನು ತಿರುವಿ ಹೊಲಿದಿದ್ದು. ರಕ್ತ ಎಲ್ಲಾ ಒಳಗಿದೆ. ಅಜ್ಜ ತಡವಿದ್ದು ನಿನ್ನ ಬಲಭುಜಾನೇ. ನೀನು ಎಡಗೈಯವನಲ್ಲ ಕಣೋ!"

ಒಬ್ಬರೂ ನಗಲಿಲ್ಲ. ಓಜ್ಬೆ ಕೋಟಿನ ಅಂಚು ಮಗುಚಿ ಒಳಗಿನ ಕಂದು ಕಲೆಯನ್ನು ನೋಡಿದ.

"ಹಾಗಾದ್ರೆ ಈಗ ಯಾವ ಕಡೆ ಹೊಡೀಲಿ ಮಾರಾಯ್ತಿ?"

"ನಂಗೇನು ಗೊತ್ತು!" ಎಂದು ಅತ್ತುಬಿಟ್ಟೆ.

ಫ್ಲೋರ್ಯಾನ್ ಮುಂದೆ ಬಂದ. "ಬಂದೂಕು ಕೆಳಗಿಡು. ಎರಡೂ ಕೈ ಚಾಚಿ ನಡುವೆ ಒಂದು ಕಿಂಡಿ ಮಾಡು. ಎರಡೂ ಕಣ್ಣು ಬಿಟ್ಕೊಂಡು ಅದರೊಳಗೆ ಗುರಿ ಹಲಗೆ ನೋಡು. ಕಾಣ್ತಾ? ಈಗ ಎಡಗಣ್ಣು ಮುಚ್ಚು."

"ಹಲಗೆ ಹೋಯ್ತು."

"ಎಡಗಣ್ಣು ಬಿಟ್ಟು ಬಲಗಣ್ಣು ಮುಚ್ಚು."

"ಇದೆ. ಅಲ್ಲೇ ಇದೆ."

ಫ್ಲೋರ್ಯಾನ್ ತಲೆ ಕೆರೆದುಕೊಂಡ. "ಲೋ, ನಿನ್ನ ಕೈ ಬಲಗಡೇದು, ಕಣ್ಣು ಎಡಗಡೇದು. ಗುರಿ ಹಿಡಿಯೋದು ಎಡಗಣ್ಣು, ನೀನು ಹೊಡೀತಿದ್ದದ್ದು ಬಲಭುಜದಿಂದ. ಇಷ್ಟು ವರ್ಷ ನಾವು ಬರೀ ನಕ್ಕಿದ್ದೀವಿ. ಒಬ್ಬನೂ ಇದನ್ನ ನೋಡ್ಲಿಲ್ಲವಲ್ಲೋ."

ಕೋಟು ಸುಳ್ಳು ಹೇಳಿತ್ತು, ಆದರೆ ಅಜ್ಜ ಹೇಳಿದ ಭುಜ ಸರಿಯೇ ಇತ್ತು. ಅದು ಹೇಗೆ ಎಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಓಜ್ಬೆ ಎಡಭುಜಕ್ಕೆ ಬಂದೂಕು ಒರಗಿಸಿ ಐದು ಸಲ ಕುದುರೆ ಎಳೆದ. ನಲವತ್ತಮೂರು.

ಎಲ್ಲರೂ ಸಾರಾಯಿ ಬಾಟಲಿ ತೆಗೆದು ಕೂಗಾಡುವಾಗ ಅವನು ಅಲ್ಲಿರಲಿಲ್ಲ. ಹುಡುಕುತ್ತ ಹೋದರೆ ಕಪ್ಪು ಹಳ್ಳದಲ್ಲಿ, ಹೋದ ವರ್ಷ ಜಿಂಕೆ ಬಿದ್ದ ಜಾಗದಲ್ಲಿ ಮಂಡಿಯೂರಿ ಕೂತಿದ್ದ. ಮುಂದೆ ಪಾಚಿಯ ಮೇಲೆ ಸ್ಪ್ರೂಸ್ ಚಿಗುರೊಂದನ್ನು ಇಟ್ಟಿದ್ದ.

ಪಕ್ಕದಲ್ಲಿ ಕೂತೆ. "ತಪ್ಪು ನಿಂದಲ್ಲ ಅಂತ ಗೊತ್ತಾಯ್ತಲ್ಲೋ."

"ಹೂಂ" ಎಂದ. "ಆ ಜಿಂಕೇದೂ ಅಲ್ಲವಲ್ಲ ಜೆರಾ."