ಗೇಟು ಮುಟ್ಟದ ಮನುಷ್ಯ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ದಾಂಡೇಲಿಯ ಒಂದು ಕಾರ್ಖಾನೆಯ ಹಾಜರಿ ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ಊರು ಮುಂಡಗೋಡ, ಇರುವುದಕ್ಕೆ ಅಂಬೇವಾಡಿಯಲ್ಲೊಂದು ಬಾಡಿಗೆ ಕೋಣೆ. ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ಎರಡು ವಾರದ ತರಬೇತಿಗೆಂದು ನನ್ನನ್ನು ಹುಬ್ಬಳ್ಳಿಗೆ ಕಳಿಸಿದರು. ಮರಳಿ ಬಂದ ಮೇಲೆ ಆ ಯಂತ್ರ ನನ್ನದೇ ಎನ್ನುವ ಹಾಗೆ ನಡೆದುಕೊಂಡೆ. ಅದಕ್ಕೊಂದು ತಂಪು ಕೋಣೆ ಇತ್ತು. ಒಳಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕಿತ್ತು. ಮರೆತವರನ್ನು ನಾನು ಗದರುತ್ತಿದ್ದೆ.

ಕೆಲಸಗಾರರು ಎಷ್ಟು ಹೊತ್ತಿಗೆ ಗೇಟಿಗೆ ಬಂದರು, ಎಷ್ಟಕ್ಕೆ ಹೋದರು ಎಂಬುದನ್ನು ಅವರವರ ಕಾರ್ಡಿನಲ್ಲಿ ನೋಡಿ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಊಟದ ಬಿಡುವಿನಲ್ಲಿ ಮಾತ್ರ ನನ್ನ ಹುಚ್ಚು. ತರಬೇತಿಯಲ್ಲಿ ಕೊಟ್ಟ ದಪ್ಪ ಪುಸ್ತಕ ಮುಂದಿಟ್ಟುಕೊಂಡು ಒಂದೊಂದೇ ಸಾಲು ಪ್ರೋಗ್ರಾಂ ಬರೆಯುತ್ತಿದ್ದೆ. ಮೊದಲು ಮಾಡಿದ್ದು ಚಿತ್ರ: ಬರೀ ಚುಕ್ಕೆ, ನಕ್ಷತ್ರಗಳನ್ನು ಜೋಡಿಸಿದ ಒಂದು ಮಂಗಟ್ಟೆ ಹಕ್ಕಿ. ಪ್ರಿಂಟರ್ ಕರಕರ ಎನ್ನುತ್ತ ಅದನ್ನು ಕಾಗದಕ್ಕೆ ಇಳಿಸಿದಾಗ ಆಫೀಸೇ ನೆರೆಯಿತು. ಮ್ಯಾನೇಜರ್ ಅದನ್ನು ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಆ ಹೊಗಳಿಕೆ ನನ್ನ ತಲೆಗೇರಿತು. ಮುಂದೆ ಏನು ಮಾಡಿದರೆ ಇನ್ನೂ ಹೆಚ್ಚು ಜನ ಸೇರುತ್ತಾರೆ ಎಂದೇ ಯೋಚಿಸತೊಡಗಿದೆ.

ಗೇಟಿನಿಂದ ನಮ್ಮ ಆಫೀಸಿಗೆ ಕಾರ್ಡುಗಳನ್ನು ತರುತ್ತಿದ್ದವರು ಹಳಿಯಾಳದ ಕಡೆಯ ಒಬ್ಬ ಹಿರಿಯರು. ನಮ್ಮ ತಂದೆಯ ವಯಸ್ಸು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಹರೆಯದಲ್ಲಿ ಮರದಿಂದ ಬಿದ್ದು ಅವರ ಬಲಗಾಲು ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. ಎಡಗಾಲು ಊರಿ, ಬಲಗಾಲು ಎಳೆದು ನಡೆಯುತ್ತಿದ್ದರು.

ನಾನು ಆಟ ಮಾಡಿದೆ. ಪರದೆಯ ಎಡಕ್ಕೆ ಹಸಿರು ಗೆರೆಗಳ ಒಬ್ಬ ಮನುಷ್ಯ, ಬಲಕ್ಕೆ ಗೇಟು. ಕೀಲಿ ಒತ್ತಿದಾಗಲೆಲ್ಲ ಅವನು ಒಂದು ಹೆಜ್ಜೆ ಇಟ್ಟು, ಇನ್ನೊಂದು ಕಾಲು ಎಳೆಯುತ್ತಿದ್ದ. ಎಳೆದಾಗ 'ಕುಂಯ್' ಎಂದು ಸದ್ದು ಬರುವಂತೆಯೂ ಮಾಡಿದ್ದೆ. ಭೋಂಗಾ, ಅಂದರೆ ಪಾಳಿ ಶುರುವಾಗುವ ಸೈರನ್, ಕೂಗುವುದರೊಳಗೆ ಅವನು ಗೇಟು ಮುಟ್ಟಬೇಕು. ಆದರೆ ಎಷ್ಟೇ ಬೇಗ ಒತ್ತಿದರೂ ಮೂರು ಹೆಜ್ಜೆ ಉಳಿದಾಗ ಭೋಂಗಾ ಕೂಗಿಬಿಡುತ್ತಿತ್ತು. ಹಾಗೆಯೇ ಬರೆದಿದ್ದೆ. ಜನ ನಕ್ಕು ಮತ್ತೆ ಮತ್ತೆ ಆಡುವುದೇ ಅದಕ್ಕೆ ಎಂದು ನನಗೆ ಗೊತ್ತಿತ್ತು.

"ಥೇಟ್ ನಮ್ಮ ಕಾಕಾನ!" ಎಂದು ಪಕ್ಕದ ಮೇಜಿನ ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಅಲ್ಲವೆನ್ನಲಿಲ್ಲ.

ವಾರ ಕಳೆದಿರಬೇಕು. ನಾವು ನಗುತ್ತಿದ್ದಾಗ ಕಾಕಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. "ಏನ್ರಿ ಸಾಹೇಬ್ರ, ಎಲ್ಲಾರೂ ಇಷ್ಟ್ಯಾಕ ನಗಾಕತ್ತೀರಿ? ನನಗೂ ತೋರಸ್ರಿ."

ಉಳಿದವರು ಒಬ್ಬೊಬ್ಬರಾಗಿ ಜಾರಿಕೊಂಡರು. "ಇದೊಂದು ಆಟ ಕಾಕಾ. ಭೋಂಗಾ ಆಗೂದರಾಗ ಇಂವಾ ಗೇಟ್ ಮುಟ್ಟಬೇಕು," ಎಂದೆ.

ಅವರು ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕುಳಿತು, ಒಂದೇ ಬೆರಳಿನಿಂದ ಕೀಲಿ ಒತ್ತಿದರು. ಕುಂಯ್, ಕುಂಯ್. ಭೋಂಗಾ ಕೂಗಿತು.

"ಇಂವಾ ಯಾವಾಗರೆ ಮುಟ್ಟತಾನೇನ್ರಿ?"

"ಮುಟ್ಟತಾನ ಕಾಕಾ. ರೂಢಿ ಆಗಬೇಕ್ರಿ," ಎಂದು ಸುಳ್ಳು ಹೇಳಿದೆ.

ಅವರು ನಂಬಿದರು. ಮರುದಿನ ಊಟದ ಬಿಡುವಿನಲ್ಲಿ ಬಂದರು, ಅದರ ಮರುದಿನವೂ ಬಂದರು. ನಗುವುದಕ್ಕೆ ಈಗ ಯಾರೂ ಸೇರುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತು ರೊಟ್ಟಿ ತಿನ್ನುವ ನೆಪದಲ್ಲಿ ಮುಖ ತಗ್ಗಿಸಿರುತ್ತಿದ್ದೆ. ಐದನೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಪ್ರೋಗ್ರಾಮಿನ ಒಂದು ಸಾಲು ತಿದ್ದಿದೆ.

ಮಧ್ಯಾಹ್ನ ಪರದೆಯ ಮನುಷ್ಯ ಗೇಟು ಮುಟ್ಟಿದ. 'ಶಾಬಾಸ್' ಎಂಬ ಇಂಗ್ಲಿಷ್ ಅಕ್ಷರಗಳು ಮಿನುಗಿದವು. ಕಾಕಾ ಹಿಗ್ಗುತ್ತಾರೆ, ನನ್ನ ಭಾರವೂ ಇಳಿಯುತ್ತದೆ ಎಂದುಕೊಂಡಿದ್ದೆ. ಅವರು ಕೀಲಿಯಿಂದ ಬೆರಳು ತೆಗೆದು ನನ್ನ ಕಡೆ ತಿರುಗಿದರು.

"ಇಷ್ಟ ದಿವಸ ಆಗಲಾರದ್ದು ಇವತ್ತ ಹೆಂಗ ಆತ್ರಿ? ನೀವ ಏನೋ ಮಾಡೀರಿ."

ನಾನು ರೊಟ್ಟಿಯ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟೆ.

"ಇಂವಾ ನಾನ ಅನ್ನೂದು ಮೊದಲನೇ ದಿನಾನ ತಿಳೀತು. ಆಗ್ಲಿ, ಕಾಲು ಹಂಗೈತಿ, ನಗ್ತಾರ ಮಂದಿ. ಆದ್ರ ಸಾಹೇಬ್ರ, ನಾ ಒಂದ ದಿವಸಾನೂ ತಡಾ ಮಾಡಿ ಬಂದಿಲ್ರಿ. ಕಾಲು ಹಿಂಗೈತಿ ಅಂತ ಅರ್ಧಾ ತಾಸು ಮೊದಲ ಮನೀ ಬಿಡತೇನಿ. ನನ್ನ ಕಾರ್ಡ್ ನಿಮ್ಮ ಕೈಯಾಗ ಐತಲ್ರಿ, ನೋಡ್ರಿ."

ಅವರು ಎದ್ದು, ಕುರ್ಚಿಯನ್ನು ಮೇಜಿನ ಕೆಳಗೆ ಸರಿಯಾಗಿ ಸೇರಿಸಿ ಹೋದರು.

ಕಾರ್ಡು ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ಆ ಅಂಕಿಗಳನ್ನು ತಿಂಗಳುಗಟ್ಟಲೆ ನಾನೇ ಕಂಪ್ಯೂಟರಿಗೆ ಹಾಕಿದ್ದೆ. ನಾನೇ ವಾರಕ್ಕೆರಡು ಸಲ ತಡವಾಗಿ ಬರುತ್ತಿದ್ದೆ. ಭೋಂಗಾಕ್ಕೆ ಮೊದಲೇ ಬಂದು ಗೇಟಿನ ಬಳಿ ಕೂತಿರುತ್ತಿದ್ದ ಮನುಷ್ಯನನ್ನು ನಾನು ದಿನಾಲೂ ಸೋಲಿಸಿದ್ದೆ, ಅದೂ ನಾಲ್ಕು ಜನ ನನ್ನ ಜಾಣತನ ನೋಡಲಿ ಎಂದು.

ಆಟ ಅಳಿಸಿಹಾಕಿದೆ. ಆದರೆ ಪಕ್ಕದ ಮೇಜಿನವನು ಹಳೆಯ ಆಟದ ಒಂದು ಪ್ರತಿಯನ್ನು ಫ್ಲಾಪಿಯಲ್ಲಿ ಹಾಕಿ ಹುಬ್ಬಳ್ಳಿಯ ತನ್ನ ಷಡ್ಡಕನಿಗೆ ಕೊಟ್ಟಿದ್ದ. ವಾಪಸು ತರಿಸು ಎಂದೆ. "ಹುಚ್ಚೇನಲೇ? ಅಲ್ಲೆ ಎಲ್ಲಾರೂ ಅದನ್ನ ಆಡಾಕತ್ತಾರ," ಎಂದ. ಅವನಿಗೆ ಅದು ನನ್ನ ದೊಡ್ಡಸ್ತಿಕೆಯಾಗಿ ಕಂಡಿತ್ತು.

ಕಾಕಾ ಎಂದಿನಂತೆ ಕಾರ್ಡು ತಂದು ಕೊಡುತ್ತಿದ್ದರು. ಅವರು ಬಂದಾಗ ನಾನು ಎದ್ದು ನಿಲ್ಲತೊಡಗಿದೆ. "ಕೂಡ್ರಿ ಸಾಹೇಬ್ರ, ಎದಕ್ಕ ಏಳ್ತೀರಿ?" ಎನ್ನುತ್ತಿದ್ದರು. ತಪ್ಪಾಯಿತು ಎನ್ನಲು ಬಾಯಿ ತೆರೆದಾಗಲೆಲ್ಲ ಬೇರೇನೋ ಮಾತು ಬರುತ್ತಿತ್ತು: ಮಳೆ, ಅವರ ಮಗಳ ಮದುವೆ, ಬಸ್ಸಿನ ತೊಂದರೆ.

ಎರಡು ವರ್ಷದ ನಂತರ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹಾರ ಹಾಕುವ ಕೆಲಸ ನನ್ನ ಪಾಲಿಗೆ ಬಂತು. "ಹಳಿಯಾಳ ಕಡೆ ಬಂದ್ರ ಮನೀಗೆ ಬರ್ರಿ," ಎಂದರು. "ಖಂಡಿತ ಬರ್ತೇನಿ ಕಾಕಾ," ಎಂದೆ.

ಆಮೇಲೆ ಎಷ್ಟೋ ಸಲ ಹಳಿಯಾಳದ ಮೇಲೆ ಓಡಾಡಿದ್ದೇನೆ. ಬಸ್ಸು ನಿಂತಿರುವಾಗ ಕಿಟಕಿಯ ಪಕ್ಕ ಕೂತಿದ್ದರೆ ಪೇಪರು ಬಿಡಿಸಿ ಮುಖಕ್ಕೆ ಹಿಡಿದುಕೊಳ್ಳುತ್ತಿದ್ದೆ. ಇಳಿಯಲಿಲ್ಲ.