ಚಿಂತಾಮಣಿಯಲ್ಲಿ ತಡವಾಗಿ ಬಂದ ನೋವು

ಚಿಂತಾಮಣಿಗೆ ಬಂದ ಮೊದಲ ಬೆಳಿಗ್ಗೆ ಯಾರೋ ಬಾಗಿಲು ಬಡಿದು, "ನೀಳ್ಳೊಚ್ಚಿನಾಯಮ್ಮಾ" ಎಂದು ಕೂಗಿದರು. ಏನೋ ಅನಾಹುತವಾಗಿದೆಯೆಂದು ಬರಿಗಾಲಲ್ಲೇ ಓಡಿಬಂದೆ. ನಲ್ಲಿಯಲ್ಲಿ ನೀರು ಬಂದಿದೆ ಎಂದು ತೆಲುಗಿನಲ್ಲಿ ಹೇಳಿದ್ದಂತೆ. ಕೂಗಿದವರು ಮನೆ ಒಡತಿ ನಾರಾಯಣಮ್ಮ. ಕರ್ನಾಟಕದೊಳಗೇ ಇದ್ದೂ ಮಾತು ತಿಳಿಯದೆ ನಿಲ್ಲಬೇಕಾಗುತ್ತದೆಂದು ಧಾರವಾಡ ಬಿಡುವಾಗ ನಾನು ಎಣಿಸಿರಲಿಲ್ಲ.

ಇಲ್ಲಿನ ನರ್ಸಿಂಗ್ ಕಾಲೇಜೊಂದರಲ್ಲಿ ಶರೀರಕ್ರಿಯೆಯ ಪಾಠ ಹೇಳುವುದು ನನ್ನ ಕೆಲಸ. ತರಗತಿಯಿಂದ ಹೊರಗೆ ಬಂದರೆ ಮಾತಿಗೆ ಯಾರೂ ಇಲ್ಲ. ರೊಟ್ಟಿ ಅಗಿದು ತಿಂದು ಬೆಳೆದವಳಿಗೆ ಮುದ್ದೆ ನುಂಗುವುದು ಬರಲಿಲ್ಲ. ಎಷ್ಟೋ ಭಾನುವಾರ ಸಂಜೆಯವರೆಗೂ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಒಂದು ದಿನ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಯ ಪಾಠ. ಹೆದರಿದಾಗ ಎದೆ ಬಡಿಸುವ ಅಡ್ರಿನಲಿನ್ ಅಲ್ಲಿನ ಕೋಶಗಳ ಪುಟ್ಟ ಚೀಲಗಳಲ್ಲಿ ಕೂಡಿಟ್ಟಿರುತ್ತದೆ. ಅದೇ ಚೀಲಗಳಲ್ಲಿ ಎನ್‌ಕೆಫಾಲಿನ್ ಎಂಬ, ಅಫೀಮಿನ ಹಾಗೆ ನೋವು ತಗ್ಗಿಸಬಲ್ಲ ವಸ್ತುವೂ ಇರುತ್ತದೆ. ಗಾಬರಿಯಾದರೆ ಎರಡೂ ಒಟ್ಟಿಗೇ ರಕ್ತಕ್ಕಿಳಿಯುತ್ತವೆ.

"ಹಂಗಾದ್ರೆ ಭಯ ಇದ್ದಾಗ ನೋವು ಗೊತ್ತಾಗಲ್ವಾ ಮೇಡಂ?" ಎಂದಳು ಒಬ್ಬ ವಿದ್ಯಾರ್ಥಿನಿ.

"ಗೊತ್ತಾಗದೇ ಇರಬಹುದು. ಆದರೆ ಅದರಲ್ಲಿ ಮಿದುಳಿನ ಪಾಲೇ ದೊಡ್ಡದು. ಈ ಗ್ರಂಥಿಯದೆಷ್ಟು ಅಂತ ಖಚಿತವಾಗಿ ಹೇಳೋಕಾಗಲ್ಲ" ಎಂದೆ.

ಅದೇ ವಾರ ಮನೆಯ ತಿರುವಿನಲ್ಲಿ ನಾಯಿ ಅಡ್ಡಬಂದು ಸ್ಕೂಟರಿನಿಂದ ಬಿದ್ದೆ. ಎದ್ದು, ಯಾರನ್ನೂ ಕರೆಯದೆ, ಎಡಗೈಯಲ್ಲೇ ಗಾಡಿ ತಳ್ಳಿಕೊಂಡು ಬಂದೆ. ನೋವೇ ಇರಲಿಲ್ಲ. ಗೇಟಿನಲ್ಲಿ ನಿಂತಿದ್ದ ನಾರಾಯಣಮ್ಮ, "ಕೈ ನೋಡ್ಕೊಳಮ್ಮ, ಸೊಟ್ಟಗಾಗೈತೆ" ಎಂದರು. ಬಲ ಮಣಿಕಟ್ಟು ಮುರಿದಿತ್ತು. ಅವರು ಭುಜ ಹಿಡಿದು ಜಗುಲಿಯ ಮೇಲೆ ಕೂರಿಸಿದರು. ಆಗ ಬಂತು ನೋವು. ಅವರ ಸೆರಗು ಹಿಡಿದು ಅತ್ತುಬಿಟ್ಟೆ. ಅತ್ತದ್ದು ಕೈಗಾಗಿ ಮಾತ್ರ ಅಲ್ಲ ಎಂದು ಅವರಿಗೂ ಗೊತ್ತಾಗಿರಬೇಕು.

ಆಸ್ಪತ್ರೆಗೆ ಅವರೇ ಕರೆದೊಯ್ದರು. ಮರುದಿನ ಮಧ್ಯಾಹ್ನ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಟ್ಟರು.

"ಅಗೀಬೇಡ, ನುಂಗು."

ನುಂಗಿದೆ.

ಪಟ್ಟಿ ಬಿಚ್ಚಿದ ಮೇಲೆ ಧಾರವಾಡಕ್ಕೆ ಹೋದೆ. "ಇಲ್ಲೇ ಒಂದ್ ಕೆಲಸ ನೋಡ. ಅಲ್ಲಿ ಯಾರದಾರ ನಿನಗ?" ಎಂದಳು ಅವ್ವ.

"ನಾರಾಯಣಮ್ಮ ಅವ್ರೆ."

ಅವ್ವ ನನ್ನ ಮುಖವನ್ನೇ ನೋಡಿದಳು. "ಅದಾರ ಅನ್ನೂದು ಬಿಟ್ಟು ಅವ್ರೆ ಅಂತೀಯಲ್ಲ. ನಮ್ಮ ಮಾತ ಮರ್ತೇನ?"

ರಜೆ ಮುಗಿಸಿ ವಾಪಸ್ ಬಂದೆ. ಚಿಂತಾಮಣಿಯ ಅಂಗಡಿಗಳಲ್ಲಿ ನಾನು ಬಾಯಿ ತೆರೆದರೆ ಇವತ್ತಿಗೂ, "ಯಾವೂರಮ್ಮ ನಿಮ್ದು?" ಅಂತಾರೆ. ಧಾರವಾಡ ಎನ್ನುವ ಮೊದಲು ಈಗೀಗ ಒಂದು ಗಳಿಗೆ ತಡೆಯುತ್ತೇನೆ.