ನೀರು ಆಗದ ಮೈ

ಪಕ್ಕದ ಮನೆ ಬಚ್ಚಲಿನ ಕಿಟಕಿಯಿಂದ ಈಗ ತಾನೇ ಗಂಧದ ಸೋಪಿನ ವಾಸನೆ ಬಂತು. ನಮ್ಮ ಬಸವೇಶ್ವರನಗರದಲ್ಲಿ ಮನೆಗಳು ಎಷ್ಟು ಒತ್ತಾಗಿವೆ ಅಂದರೆ, ಯಾರು ಯಾವ ಸೋಪು ಹಚ್ಚಿದರು ಅನ್ನೋದು ಬೀದಿಗೇ ಗೊತ್ತು. ನನ್ನ ಸೋಪು ಯಾವುದು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ ನೋಡಿ. ನನಗೆ ನೀರು ಆಗೋದಿಲ್ಲ. ಕುಡಿಯೋಕೆ ಆಗುತ್ತೆ, ಮೈಮೇಲೆ ಬಿದ್ದರೆ ಆಗೋದಿಲ್ಲ.

ಮದುವೆಯಾದ ಮರುವರ್ಷ ಶುರುವಾಯಿತು. ಸ್ನಾನ ಮಾಡಿ ಬಂದರೆ ಎದೆ, ಬೆನ್ನು, ಕತ್ತಿನ ತುಂಬ ಗಂಧೆ ಎದ್ದು ಒಂದೇ ಕೆರೆತ, ಉರಿ. ಬಿಸಿನೀರು, ತಣ್ಣೀರು, ಕಾವೇರಿ, ಬೋರ್‌ವೆಲ್ಲು, ಎಲ್ಲಾ ಒಂದೇ. ಅತ್ತರೆ ಕೆನ್ನೆಯ ಮೇಲೂ ಏಳುತ್ತಿತ್ತು. ಅಳೋ ಸೌಕರ್ಯವೂ ಇಲ್ಲದೆ ಜಗಳ ಆಡೋದು ಕಲಿತೆ. ಅದರಲ್ಲಿ ಈಗ ನಾನು ಪಳಗಿದ ಕೈ.

ನಮ್ಮತ್ತೆ ದಾವಣಗೆರೆ ಕಡೆಯವರು. "ಸೋಮಾರಿತನಕ್ಕೆ ರೋಗ ಅಂತ ಹೆಸರಿಟ್ಟೀಯೇನವಾ? ಜಳಕ ಮಾಡ್ದೆ ಪೂಜೆಗೆ ಕೂರಬ್ಯಾಡ" ಅಂದುಬಿಟ್ಟರು. ಚಿಕ್ಕಂದಿನಿಂದ ನನ್ನ ಕೊರಳಲ್ಲೇ ಇರೋ ಇಷ್ಟಲಿಂಗ, ಅದನ್ನು ನಾನೇ ಕೈಗೆ ತಗೊಳ್ಳೋ ಹಾಗಿಲ್ಲ. ಹೊಟ್ಟೆ ಉರೀತು ರೀ, ಸುಳ್ಳು ಯಾಕೆ ಹೇಳಲಿ.

ಕೊನೆಗೆ ವಿಜಯನಗರದ ಒಂದು ಆಸ್ಪತ್ರೆಗೆ ಸೇರಿದೆ, ಜೊತೆಗೆ ಅತ್ತೆಯೂ ಬಂದರು. ಚರ್ಮದ ಡಾಕ್ಟರು ಎದೆಯ ಮೇಲ್ಭಾಗಕ್ಕೆ ಒದ್ದೆ ಬಟ್ಟೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ಬಟ್ಟೆಯಷ್ಟು ಜಾಗ ಕೆಂಪಗೆ ಉಬ್ಬಿತ್ತು. ಡಾಕ್ಟರಿಕೆ ಕಲಿಯೋ ಹುಡುಗಿಯರು ಮುತ್ತಿಕೊಂಡರು, ಒಬ್ಬಳು ಮೊಬೈಲನ್ನೂ ತೆಗೆದಳು.

"ಫೋಟೋ ಆಮೇಲೆ ಕೇಳಿ ತೆಗಿಯಮ್ಮ. ಮೊದಲು ನಮ್ಮತ್ತೆಗೆ ಜಾಗ ಬಿಡು, ನೋಡಲಿ" ಅಂದೆ.

"ನೀರಿನ ಅಲರ್ಜಿ ಇದು. ನನ್ನ ಸರ್ವೀಸಲ್ಲೇ ಮೊದಲ ಸಲ ನೋಡ್ತಾ ಇದೀನಿ" ಅಂದರು ಡಾಕ್ಟರು. "ಪೂರ್ತಿ ಹೋಗುತ್ತೆ ಅಂತ ಹೇಳೋಕಾಗಲ್ಲ. ಅಂಗೈ, ಅಂಗಾಲಿಗೆ ಸಾಮಾನ್ಯವಾಗಿ ಬರಲ್ಲ, ಅಷ್ಟೇ."

"ಹಂಗಾರೆ ಪೂಜೆ ಇನ್ನು ಬಿಟ್ಟಂಗೇ" ಅಂದರು ಅತ್ತೆ.

ನಾನು ಎಡ ಅಂಗೈಯನ್ನು ಅವರ ಮುಖದ ಮುಂದೆ ಹಿಡಿದೆ. "ಲಿಂಗ ಇಟ್ಕೊಳ್ಳೋದು ಇಲ್ಲಿ ತಾನೇ ಅತ್ತೆ? ಇದನ್ನ ತೊಳ್ಕೊತೀನಿ. ಉಳಿದ ಮೈನ ಶಿವನೇ ಹೀಗೆ ಮಾಡಿರೋದು, ಅವನನ್ನೇ ಕೇಳಿ."

ಮನೆಗೆ ಬಂದ ಮರುದಿನವೇ ಪೂಜೆಗೆ ಕೂತೆ. ಈಗ ಮಾತ್ರೆ ನುಂಗಿ ವಾರಕ್ಕೆರಡು ಸಲ ಓಡೋಡಿ ಸ್ನಾನ ಮುಗಿಸ್ತೀನಿ, ಪೂಜೆ ಮಾತ್ರ ದಿನಾ. ಅತ್ತೆ ಇವತ್ತಿಗೂ ಒಪ್ಪಿಲ್ಲ. ನಾನು ದೇವರ ಕೋಣೆಗೆ ಬರ್ತಿದ್ದ ಹಾಗೆ ಎದ್ದು ಹೋಗ್ತಾರೆ, ಇವತ್ತು ಬೆಳಿಗ್ಗೆಯೂ ಹೋದರು. ಮೊದಮೊದಲು ಅದಕ್ಕೆ ಮನಸ್ಸು ಮುರೀತಿತ್ತು. ಈಗ ಹೋಗಲಿ ಬಿಡಿ ಅನ್ಸುತ್ತೆ. ಅವರು ಬಿಟ್ಟುಹೋದ ಮಣೆ ಇನ್ನೂ ಬೆಚ್ಚಗಿರುತ್ತೆ. ಅದರ ಮೇಲೇ ಕೂತ್ಕೋತೀನಿ.